ಪಕ್ಕದ ಕಟ್ಟಡವನ್ನು ಬೈಯುವ ಮೊದಲು

ನೈರೋಬಿಯ ರಿವರ್‌ಸೈಡ್‌ನಲ್ಲಿ ನನ್ನ ಚಿಕ್ಕಮ್ಮನ ಮಗನ ಸಂಸಾರವಿದೆ. ಹಿಂದೆ ತೋಟದ ನಡುವಿನ ಬಂಗಲೆಗಳಿದ್ದ ಆ ಕಡೆ ಈಗ ಬಹುಮಹಡಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ. ಊರಿಂದ ಹೋಗಿರುವ ಚಿಕ್ಕಮ್ಮನಿಗೆ ಹಗಲಿಡೀ ಟಿ.ವಿ.ಯೇ ಜೊತೆ. ಈಚೆಗೆ ಅದರ ಚಿತ್ರ ಒಡೆಯತೊಡಗಿತು. ನೋಡಲು ಬಂದ ಮೆಕ್ಯಾನಿಕ್, ಪಕ್ಕದ ಹೊಸ ಕಟ್ಟಡ ಅಡ್ಡವಾಗಿದೆ, ಡಿಶ್ಶನ್ನು ಟೆರೇಸಿಗೆ ಸಾಗಿಸಬೇಕು ಎಂದು ದೊಡ್ಡ ಮೊತ್ತ ಹೇಳಿದನಂತೆ. "ಅಣ್ಣ, ಕೊಡಲಾ?" ಎಂದು ತಮ್ಮನ ಫೋನ್.

ಚೀಟಿ ಓದದೆ ಮಾತ್ರೆ ಕೊಡುವ ಅಭ್ಯಾಸ ನನಗಿಲ್ಲ. ಡಿಶ್ಶಿನ ವಿಷಯದಲ್ಲೂ ಮೊದಲ ಪ್ರಶ್ನೆ: ಅದು ನೋಡುವ ಉಪಗ್ರಹ ಎಲ್ಲಿದೆ?

ಟಿ.ವಿ. ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುತ್ತವೆ. ಹಾಗಾಗಿ ನಮಗೆ ನಿಂತಲ್ಲೇ ನಿಂತಂತೆ. ಕೀನ್ಯಾದ ಡಿಎಸ್‌ಟಿವಿ ಉಪಗ್ರಹವಿರುವುದು 36 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನೈರೋಬಿಯೂ ಸುಮಾರು 37ರಲ್ಲಿ, ಸಮಭಾಜಕದ ಮಗ್ಗುಲಲ್ಲೇ ಇದೆ. ಅಂದರೆ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೆ! ಪಕ್ಕದಲ್ಲಿ ಇಪ್ಪತ್ತು ಮಹಡಿ ಎದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಅಡ್ಡ ಬರುವುದು ಮೇಲಿನ ಬಾಲ್ಕನಿಯ ಸ್ಲ್ಯಾಬ್ ಅಥವಾ ಚಾಚಿದ ಮರದ ಕೊಂಬೆ. ಅವೆರಡೂ ಇರಲಿಲ್ಲ. ಕೊನೆಗೆ ನೋಡಿದರೆ ಕೇಬಲ್ ಕನೆಕ್ಟರಿಗೆ ಮಳೆನೀರು ಇಳಿದು ತುಕ್ಕು ಹಿಡಿದಿತ್ತು. ಅದನ್ನು ಬದಲಿಸಿದ ಮೇಲೆ ಚಿತ್ರ ಸರಿಯಾಯಿತು.

ಆದರೆ ನೈರೋಬಿಯ ಲೆಕ್ಕ ದುಬೈಗೆ ಹೊಂದದು. 83 ಡಿಗ್ರಿ ಪೂರ್ವದಲ್ಲಿರುವ ನಮ್ಮ ಜಿಸ್ಯಾಟ್-30 ದುಬೈಯಿಂದ ಆಗ್ನೇಯಕ್ಕೆ, ಸುಮಾರು 47 ಡಿಗ್ರಿ ಎತ್ತರದಲ್ಲಿದೆ. ನೈಲ್‌ಸ್ಯಾಟ್ ಪಶ್ಚಿಮಕ್ಕೆ, ಬರೀ 16-17 ಡಿಗ್ರಿಯಲ್ಲಿ. ಎದುರಿನ ಗೋಡೆ ಡಿಶ್ಶಿಗಿಂತ 10 ಮೀಟರ್ ಎತ್ತರವಿದ್ದರೆ, ಮೊದಲನೆಯದಕ್ಕೆ ಅದು 10 ಮೀಟರ್ ದೂರವಿದ್ದರೆ ಸಾಕು. ಎರಡನೆಯದಕ್ಕೆ ಸುಮಾರು 35 ಮೀಟರ್ ಬೇಕು. ಎತ್ತರವನ್ನು ನೆಲದಿಂದಲ್ಲ, ಡಿಶ್ಶಿನ ಮಟ್ಟದಿಂದ ಅಳೆಯಿರಿ.

ಪರೀಕ್ಷೆ ಸುಲಭ. ಮಕ್ಕಳ ಕೋನಮಾಪಕದ ನಡುವಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ ತೂಗುಬಿಡಿ. ಡಿಶ್ ಇರುವಲ್ಲಿ ನಿಂತು, ಫೋನಿನ ದಿಕ್ಸೂಚಿ ತೋರಿಸುವ ಉಪಗ್ರಹದ ದಿಕ್ಕಿಗೆ ತಿರುಗಿ, ಕೋನಮಾಪಕದ ನೇರ ಅಂಚಿನ ಮೂಲಕ ಕಟ್ಟಡದ ತುದಿಯನ್ನು ನೋಡಿ. ದಾರ 90ರ ಗೆರೆಯಿಂದ ಎಷ್ಟು ಸರಿದಿದೆಯೋ ಅದೇ ಕಟ್ಟಡದ ಕೋನ. ಅದು ಉಪಗ್ರಹದ ಕೋನಕ್ಕಿಂತ ಕಡಿಮೆಯಿದ್ದರೆ ದಾರಿ ಸಲೀಸು. ತಟ್ಟೆಯ ವಾಲಿಕೆ ನೋಡಿ ಅಂದಾಜು ಮಾಡಬೇಡಿ. ಮನೆಗಳ ಆಫ್‌ಸೆಟ್ ಡಿಶ್ ತಾನು ಮುಖ ಮಾಡಿದಂತೆ ಕಾಣುವುದಕ್ಕಿಂತ ಬಹಳ ಮೇಲಕ್ಕೆ ನೋಡುತ್ತಿರುತ್ತದೆ.

ಸೂರ್ಯನೂ ಸಾಕ್ಷಿ ಹೇಳುತ್ತಾನೆ. ಮಾರ್ಚ್ 10 ಮತ್ತು ಅಕ್ಟೋಬರ್ 4ರ ಆಸುಪಾಸಿನಲ್ಲಿ, ಬೆಳಿಗ್ಗೆ ಹತ್ತು-ಹತ್ತೂವರೆಗೆ, ದುಬೈಯವರಿಗೆ ಅವನು ಜಿಸ್ಯಾಟ್-30ರ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ಆಗ ಡಿಶ್ಶಿನ ಮೇಲೆ ಬಿಸಿಲು ಬಿದ್ದರೆ ಯಾವ ಗೋಡೆಯೂ ಅಡ್ಡವಿಲ್ಲ. ಆ ಕೆಲವು ನಿಮಿಷ ಚಿತ್ರ ಕೆಡಬಹುದು. ಅದು ಸೂರ್ಯನ ಗದ್ದಲ, ತಾನೇ ಸರಿಹೋಗುತ್ತದೆ.

ಇಷ್ಟು ನೋಡಿದ ಮೇಲೆ ಮೆಕ್ಯಾನಿಕ್‌ನ ಜೊತೆ ಹಣದ ಮಾತಾಡಿ. ನೋಡುವ ಭರದಲ್ಲಿ ಪ್ಯಾರಪೆಟ್ ಮಾತ್ರ ಹತ್ತಬೇಡಿ. ಊರಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ.