ಗುಡ್ಡದ ಗೇಟು ಮಳೆ ನೋಡಿ ತೆರೆಯಲಿ

ಜೂನ್‌ನ ಮಳೆ ಹಿಡಿದು ವಾರ ಕಳೆಯುವುದರೊಳಗೆ ಬೆಳ್ತಂಗಡಿಯ ಘಟ್ಟದ ಬುಡಕ್ಕೆ ಬೈಕು, ಟೆಂಪೊ ಟ್ರಾವೆಲರ್‌ಗಳು ಬರತೊಡಗುತ್ತವೆ. ಬೇಸಗೆಯಲ್ಲಿ ಕಂದಿದ್ದ ಹುಲ್ಲು ಚಿಗುರುವ, ಬಂಡಾಜೆ ಅರ್ಬಿ ಜಲಪಾತ ಮೈದುಂಬುವ ಹೊತ್ತು ಅದು. ಹಿಮದ ನಾಡಿನವರು ಮೊದಲ ಹಿಮ ಬಿದ್ದೊಡನೆ ಸ್ಕೀ ಹೊತ್ತು ಹೊರಡುವಂತೆ ಇಲ್ಲಿನವರು ಮೊದಲ ಮಳೆಗೆ ಚಾರಣಕ್ಕೆ ಹೊರಡುತ್ತಾರೆ. ಆ ಹಂಬಲ ಹೊಸದೂ ಅಲ್ಲ, ತಪ್ಪೂ ಅಲ್ಲ. ಆಟಿ ಅಮಾವಾಸ್ಯೆಯಂದು ಬಂಟ್ವಾಳದ ಕಾರಿಂಜ ಮತ್ತು ನರಹರಿ ಪರ್ವತಗಳನ್ನು ಸುರಿಯುವ ಮಳೆಯಲ್ಲೇ ಹತ್ತಿ ತೀರ್ಥಸ್ನಾನ ಮಾಡುವವರು ಇಂದಿಗೂ ಇದ್ದಾರೆ.

ಕೊರತೆ ಇರುವುದು ಬೇರೆ ಕಡೆ. ಮಳೆ ಕುಡಿದ ಗುಡ್ಡಕ್ಕೆ ಇಂದು ಕಾಲಿಡಬಹುದೇ, ಕೂಡದೇ ಎಂದು ದಿನದಿನವೂ ಹೇಳುವವರಿಲ್ಲ.

ಬೆಳ್ತಂಗಡಿಯ ಗಡಾಯಿಕಲ್ಲನ್ನೇ ನೋಡಿ. 1794ರಲ್ಲಿ ಟಿಪ್ಪು ಸುಲ್ತಾನ್ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಸುಮಾರು 1,700 ಅಡಿ ಎತ್ತರದ ಈ ಒಂಟಿ ಬಂಡೆಯ ನೆತ್ತಿಯಲ್ಲಿದೆ. ದಾರಿ ಎಂದರೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಮಳೆ ಜೋರಾದರೆ ಆ ಮೆಟ್ಟಿಲುಗಳ ಮೇಲೆಯೇ ನೀರು ಹರಿಯುತ್ತದೆ, ಪಾಚಿ ಕಟ್ಟುತ್ತದೆ. ಹತ್ತುವಾಗ ಗಮನಕ್ಕೆ ಬಾರದ ಜಾರು ಇಳಿಯುವಾಗ ಹಿಮ್ಮಡಿ ಊರಿದ ಕ್ಷಣ ತಿಳಿಯುತ್ತದೆ. ಮೂಡುಬಿದಿರೆಯ ಕೊಣಾಜೆ ಕಲ್ಲಿನ ಬಂಡೆಗಳೂ ಮಳೆಗಾಲದಲ್ಲಿ ಹಾಗೆಯೇ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದೆದುರು ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಬಿದ್ದು ಕೊಚ್ಚಿಹೋದ ದೃಶ್ಯವನ್ನು ನಾಡೆಲ್ಲ ನೋಡಿತು.

ಹುಲ್ಲುಗಾವಲಿನ ಪಾಡು ಇನ್ನೊಂದು ಬಗೆಯದು. ಮೆತ್ತಗಾದ ಇಳಿಜಾರಿನಲ್ಲಿ ಬೂಟು ಊರಿದರೆ ಹುಲ್ಲು ಬೇರುಸಹಿತ ಕಿತ್ತು ಕೆಂಪು ಮಣ್ಣು ಕಾಣುತ್ತದೆ. ಹಿಂದೆ ಬರುವವರು ಆ ಕೆಸರು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ. ಮುಂದಿನ ಮಳೆಗೆ ಕಾಲುದಾರಿ ಚರಂಡಿಯಾಗಿರುತ್ತದೆ. ಶೋಲಾ ಕಾಡು ಮತ್ತು ಈ ಹುಲ್ಲು ಸೇರಿ ಹಿಡಿದಿಡುವ ನೀರೇ ನೇತ್ರಾವತಿಯಾಗಿ ಬಂಟ್ವಾಳಕ್ಕೆ ಇಳಿದು, ತುಂಬೆ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗೆ ಹೋಗುತ್ತದೆ. 2019ರ ಮೇ ತಿಂಗಳಲ್ಲಿ ಹೊಳೆ ಸೊರಗಿದಾಗ ಯಾತ್ರೆ ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ವಿನಂತಿಸಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗುಡ್ಡ ಜರಿದು ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆಯ ತೋಟಗಳಿಗೆ ಮಣ್ಣು, ಮರದ ದಿಮ್ಮಿಗಳು ನುಗ್ಗಿದವು; ಚಾರ್ಮಾಡಿ ಘಾಟಿ ಬಂದ್ ಆಯಿತು. ಅದಕ್ಕೆ ಚಾರಣಿಗರು ಕಾರಣರಲ್ಲ. ಆದರೆ ಅಂಥ ಗುಡ್ಡದ ಮೇಲೆ ಅಂಥ ದಿನ ಯಾರೂ ಇರಬಾರದು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ 300 ಮಂದಿಯ ಮಿತಿ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಧೋ ಎಂದು ಸುರಿಯುವ ದಿನ 300 ಮಂದಿಯೂ ಹೆಚ್ಚೇ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಅನ್ವಯಿಸುತ್ತದೆ: ಪಣಂಬೂರು ಕಡಲತೀರಕ್ಕೂ ಚಾರ್ಮಾಡಿಯ ನೆತ್ತಿಗೂ ಒಂದೇ ಬಣ್ಣ.

ಆಲ್ಪ್ಸ್‌ನಲ್ಲಿ ಸ್ಕೀ ಮಾಡಲು ಹೊರಡುವವರು ಆಯಾ ಪ್ರದೇಶದ ಹಿಮಕುಸಿತದ ಅಪಾಯವನ್ನು ಒಂದರಿಂದ ಐದರವರೆಗಿನ ಅಂಕೆಯಲ್ಲಿ ನೋಡಿಯೇ ಮನೆ ಬಿಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯೂ 2024ರ ಜುಲೈಯಲ್ಲಿ ಕೋಲ್ಕತ್ತದಲ್ಲಿ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗಳಿಗೆ ಸೂಚನೆ ಕೊಡಲು ಶುರುಮಾಡಿತು. ನೀಲಗಿರಿಗೆ ಆಗುವುದು ಬೆಳ್ತಂಗಡಿಗೆ ಯಾಕಾಗಬಾರದು? ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆ ಲೆಕ್ಕವನ್ನು ಬುಕಿಂಗ್‌ಗೆ ಜೋಡಿಸಿ, ಹಿಂದಿನ ಎರಡು ಮೂರು ದಿನಗಳ ಮಳೆ ಗೊತ್ತುಪಡಿಸಿದ ಮಟ್ಟ ದಾಟಿದೊಡನೆ ಆ ಗುಡ್ಡದ ಟಿಕೆಟ್ ರದ್ದಾಗಿ ಹಣ ವಾಪಸಾಗಬೇಕು. ಗಡಾಯಿಕಲ್ಲಿನಿಂದಲೇ ಆರಂಭಿಸಬಹುದು.

ಮಳೆಮಾಪಕಕ್ಕೆ ಕಾಣದ್ದು ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನವರಿಗೆ ಕಾಣುತ್ತದೆ. ಒಂದು ಕಾಲಕ್ಕೆ ನಕ್ಸಲ್ ಸುದ್ದಿಯಲ್ಲಷ್ಟೇ ಕೇಳಿಬರುತ್ತಿದ್ದ ಈ ಊರು 2024ರಲ್ಲಿ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಕೇಂದ್ರದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಪಡೆಯಿತು. ಯಾವ ತೋಡು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಇಲ್ಲಿನ ಮಲೆಕುಡಿಯ ಸಮುದಾಯದವರಿಗೆ ಗೊತ್ತು. ಗೈಡ್ ಕೆಲಸದ ಜೊತೆಗೆ ‘ಇವತ್ತು ಬೇಡ’ ಎನ್ನುವ ಅಧಿಕಾರವನ್ನೂ ಅವರಿಗೆ ಕೊಡಬೇಕು. ಗೇಟು ಮುಚ್ಚಿದ ದಿನದ ಕೂಲಿಯನ್ನು ಟಿಕೆಟ್ ಹಣದಿಂದಲೇ ತುಂಬಿಕೊಡಬೇಕು. ಇಲ್ಲವಾದರೆ ಹೊಟ್ಟೆಪಾಡಿಗಾಗಿ ಅಪಾಯದ ದಿನವೂ ‘ಬನ್ನಿ’ ಎನ್ನಬೇಕಾದ ಇಕ್ಕಟ್ಟಿಗೆ ಅವರು ಸಿಲುಕುತ್ತಾರೆ.