ಅಮೆರಿಕದ ವಿದ್ಯಾರ್ಥಿಯ ಸಾಲ ಮತ್ತು ವ್ಯಾಪಾರದ ನ್ಯಾಯ

ಉದ್ದರಿ ವ್ಯಾಪಾರ ನಡೆಸುವ ಪ್ರತಿಯೊಬ್ಬ ವರ್ತಕನಿಗೂ ಒಂದು ನಿಯಮ ತಿಳಿದಿರುತ್ತದೆ. ಸರಕು ಮಾರಿದವನು, ಹಣ ಒದಗಿಸಿದವನು, ಕೊಂಡವನು, ಈ ಮೂವರೂ ನಷ್ಟದಲ್ಲಿ ಅಷ್ಟಿಷ್ಟಾದರೂ ಪಾಲುದಾರರಾಗಿರುವಷ್ಟು ಕಾಲ ವ್ಯವಹಾರ ಹದ್ದುಮೀರುವುದಿಲ್ಲ. ಸರಕು ಕಳಪೆಯಾದರೆ ಮಾರಿದವನಿಗೆ ಪೆಟ್ಟು ಬೀಳುತ್ತದೆ. ಕೊಂಡವನು ದಿವಾಳಿಯಾದರೆ ಸಾಲ ಕೊಟ್ಟವನ ಹಣ ಮುಳುಗುತ್ತದೆ. ಈ ಭಯವೇ ಇಬ್ಬರನ್ನೂ ಎಚ್ಚರದಲ್ಲಿಡುತ್ತದೆ. ಮುಕ್ತ ಮಾರುಕಟ್ಟೆಯ ತವರೆಂದು ಹೆಸರಾದ ಅಮೆರಿಕದಲ್ಲಿ ಈ ನಿಯಮಕ್ಕೆ ಹೊರತಾದ ಬೃಹತ್ ವ್ಯವಹಾರವೊಂದು ದಶಕಗಳಿಂದ ನಡೆದುಬಂದಿದೆ. ಅದು ಉನ್ನತ ಶಿಕ್ಷಣದ ಸಾಲ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಬರಬೇಕಾಗಿರುವ ವಿದ್ಯಾರ್ಥಿ ಸಾಲದ ಬಾಕಿ ಸುಮಾರು 1.6 ಲಕ್ಷ ಕೋಟಿ ಡಾಲರ್. ಸಾಲಗಾರರ ಸಂಖ್ಯೆ 4 ಕೋಟಿಗೂ ಅಧಿಕ.

ಕೆಲವು ವರ್ಷಗಳಿಂದ ಅಮೆರಿಕದ ಚುನಾವಣೆಗಳಲ್ಲಿ ಈ ಸಾಲ ಒಂದು ಪ್ರಮುಖ ವಿಷಯವಾಗಿದೆ. ಸಾಲ ಮನ್ನಾ ಕೇಳುವ ವಿದ್ಯಾರ್ಥಿಯನ್ನು ಒಂದು ಪಕ್ಷ ಬಲಿಪಶುವೆಂದು ಬಿಂಬಿಸಿದರೆ, ಮತ್ತೊಂದು ಪಕ್ಷ ಮಾತಿಗೆ ತಪ್ಪಿದ ಸಾಲಗಾರನೆಂದು ಜರೆಯುತ್ತದೆ. ಈ ಗದ್ದಲದಲ್ಲಿ ವಿದ್ಯಾರ್ಥಿಯ ನಿಜವಾದ ಅಭಿಪ್ರಾಯವೇನೆಂಬುದು ಮರೆಯಾಗಿದೆ. ಅವನ ಆಕ್ಷೇಪಣೆಯ ತಿರುಳು ಸಾಲ ತೀರಿಸಬೇಕಾಗಿದೆ ಎಂಬುದಲ್ಲ. ಒಪ್ಪಂದದ ನಷ್ಟವೆಲ್ಲವೂ ಮೂವರಲ್ಲಿ ಅತ್ಯಂತ ದುರ್ಬಲನಾದ ತನ್ನೊಬ್ಬನ ಹೆಗಲಿಗೇ ಬಿದ್ದಿದೆ ಎಂಬುದು. ಈ ಆಕ್ಷೇಪಣೆಯನ್ನು ದಾನಧರ್ಮದ ದೃಷ್ಟಿಯಿಂದ ನೋಡದೆ ವ್ಯಾಪಾರದ ನ್ಯಾಯದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಸಾಲ ಬೆಳೆದುಬಂದ ಬಗೆ

ಅಮೆರಿಕದಲ್ಲಿ ಉನ್ನತ ಶಿಕ್ಷಣವು ಎಲ್ಲ ಕಾಲಕ್ಕೂ ಸಾಲದ ಸರಕಾಗಿರಲಿಲ್ಲ. 1862ರಲ್ಲಿ ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದ ಮಾರಿಲ್ ಕಾಯಿದೆಯ ಮೂಲಕ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ನೀಡಿ, ಕೃಷಿ ಮತ್ತು ತಾಂತ್ರಿಕ ವಿದ್ಯೆಯ ಕಾಲೇಜುಗಳನ್ನು ಸ್ಥಾಪಿಸಲು ನೆರವಾಯಿತು. 1847ರಲ್ಲಿ ಸ್ಥಾಪನೆಗೊಂಡ ನ್ಯೂಯಾರ್ಕಿನ ಸಿಟಿ ಕಾಲೇಜು 1976ರವರೆಗೂ ಆ ನಗರದ ಯುವಜನರಿಗೆ ಬೋಧನಾ ಶುಲ್ಕವಿಲ್ಲದೆ ಪಾಠ ಹೇಳಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಲಕ್ಷಾಂತರ ಸೈನಿಕರು 1944ರ ಕಾಯಿದೆಯ ನೆರವಿನಿಂದ ಸಾಲದ ಹೊರೆಯಿಲ್ಲದೆ ಕಾಲೇಜು ಸೇರಿದರು. ಆ ಹಣವನ್ನು ದೇಶ ಖರ್ಚೆಂದು ಬಗೆಯದೆ ಬಂಡವಾಳವೆಂದು ಎಣಿಸಿತ್ತು.

ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮರುವರ್ಷ, ಅಂದರೆ 1958ರಲ್ಲಿ, ಕೇಂದ್ರ ಸರ್ಕಾರದ ಮೊದಲ ವಿದ್ಯಾರ್ಥಿ ಸಾಲ ಯೋಜನೆ ಜಾರಿಗೆ ಬಂದಿತು. 1965ರ ನವೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನ ಸ್ಯಾನ್ ಮಾರ್ಕೋಸ್‌ನಲ್ಲಿ, ತಾವೇ ಓದಿದ ಕಾಲೇಜಿನಲ್ಲಿ, ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. 1972ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಆರಂಭವಾದ, ಮುಂದೆ ಪೆಲ್ ಅನುದಾನವೆಂದು ಹೆಸರಾದ ಸಹಾಯಧನವು ಮೊದಲ ದಶಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದರ ವಾರ್ಷಿಕ ವೆಚ್ಚದ ಬಹುಭಾಗವನ್ನು ಭರಿಸುತ್ತಿತ್ತು. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ವಸತಿ ಮತ್ತು ಊಟವೂ ಸೇರಿದ ಇಂದಿನ ವೆಚ್ಚದಲ್ಲಿ ಇದು ಮೂರನೆಯ ಒಂದು ಪಾಲಿಗೂ ಸಾಲದು. ಅನುದಾನ ಹಿಂದೆ ಉಳಿದಂತೆಲ್ಲ ಆ ಅಂತರವನ್ನು ತುಂಬಿದ್ದು ಸಾಲ. ಆರ್ಥಿಕ ಹಿಂಜರಿತದ ಕಾಲಗಳಲ್ಲಿ, ವಿಶೇಷವಾಗಿ 2008ರ ನಂತರ, ರಾಜ್ಯ ಸರ್ಕಾರಗಳು ತಮ್ಮ ವಿಶ್ವವಿದ್ಯಾಲಯಗಳ ಅನುದಾನ ಕಡಿತಗೊಳಿಸಿದಾಗ ಆ ಕೊರತೆಯೂ ಶುಲ್ಕದ ರೂಪದಲ್ಲಿ ವಿದ್ಯಾರ್ಥಿಯ ಲೆಕ್ಕಕ್ಕೇ ಬಂದಿತು.

ಹದಿನೆಂಟನೆಯ ವಯಸ್ಸಿನ ಸಹಿ

ಅಮೆರಿಕದ ಯುವಕನೊಬ್ಬ 21 ವರ್ಷ ತುಂಬುವವರೆಗೆ ಅಂಗಡಿಯಲ್ಲಿ ಮದ್ಯ ಕೊಳ್ಳುವಂತಿಲ್ಲ. 2009ರ ಕಾಯಿದೆಯ ಪ್ರಕಾರ, ಸ್ವಂತ ಆದಾಯವನ್ನು ತೋರಿಸದ ಹೊರತು ಅಥವಾ ಹೊಣೆ ಹೊರುವ ಹಿರಿಯರೊಬ್ಬರು ಜೊತೆಗೆ ಸಹಿ ಹಾಕದ ಹೊರತು, ಆ ವಯಸ್ಸಿನವರಿಗೆ ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ನೀಡುವಂತಿಲ್ಲ. ಆದರೆ ಅದೇ ಯುವಕ 18ನೆಯ ವಯಸ್ಸಿನಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲಕ್ಕೆ ಒಬ್ಬನೇ ಸಹಿ ಹಾಕಬಹುದು. ಅವನು ಆರಿಸಿಕೊಂಡ ವ್ಯಾಸಂಗದಿಂದ ಮುಂದೆ ಎಷ್ಟು ಸಂಪಾದನೆಯಾದೀತೆಂದು ಸಾಲ ಕೊಡುವ ಸರ್ಕಾರ ಇತ್ತೀಚಿನವರೆಗೆ ವಿಚಾರಿಸುತ್ತಲೇ ಇರಲಿಲ್ಲ.

ಈ ಉದಾರತೆಯ ಹಿಂದೆ ಒಂದು ಸದುದ್ದೇಶವಿದೆ ಎಂಬುದನ್ನು ಒಪ್ಪಬೇಕು. ಜಾಮೀನು ಕೇಳಿದರೆ ಬಡವರ ಮಕ್ಕಳು ಕಾಲೇಜಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆದರೆ ಒಳಕ್ಕೆ ಹೋಗುವ ಬಾಗಿಲನ್ನು ಇಷ್ಟು ಅಗಲವಾಗಿ ತೆರೆದ ಶಾಸನವೇ ಹೊರಬರುವ ಬಾಗಿಲನ್ನು ಹಂತಹಂತವಾಗಿ ಮುಚ್ಚಿದೆ. 1976ರ ತಿದ್ದುಪಡಿಯು ಮರುಪಾವತಿ ಆರಂಭವಾದ ಮೊದಲ ಐದು ವರ್ಷಗಳಲ್ಲಿ ದಿವಾಳಿ ಕಾನೂನಿನ ಮೂಲಕ ವಿದ್ಯಾರ್ಥಿ ಸಾಲದಿಂದ ಬಿಡುಗಡೆ ಪಡೆಯುವುದನ್ನು ನಿರ್ಬಂಧಿಸಿತು. 1990ರಲ್ಲಿ ಆ ಅವಧಿ ಏಳು ವರ್ಷವಾಯಿತು. 1998ರಲ್ಲಿ ಕಾಲಮಿತಿಯನ್ನೇ ತೆಗೆದುಹಾಕಲಾಯಿತು. 2005ರಲ್ಲಿ ಖಾಸಗಿ ವಿದ್ಯಾರ್ಥಿ ಸಾಲಗಳನ್ನೂ ಇದೇ ವ್ಯಾಪ್ತಿಗೆ ತರಲಾಯಿತು. ಅತೀವ ಸಂಕಷ್ಟವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಿದವರಿಗೆ ಮಾತ್ರ ವಿನಾಯಿತಿಯಿದೆ. ವ್ಯಾಪಾರದಲ್ಲಿ ಸೋತ ಉದ್ಯಮಿಗೆ ಮತ್ತೊಂದು ಅವಕಾಶ ಕೊಡುವುದೇ ಅಮೆರಿಕದ ದಿವಾಳಿ ಕಾನೂನಿನ ಹೆಗ್ಗಳಿಕೆ. ಕ್ರೆಡಿಟ್ ಕಾರ್ಡಿನಲ್ಲಿ ದುಂದುವೆಚ್ಚ ಮಾಡಿದವನಿಗೂ ಅಲ್ಲಿ ಪರಿಹಾರವುಂಟು. ಓದಲು ಸಾಲ ಮಾಡಿದವನಿಗೆ ಮಾತ್ರ ಆ ಅವಕಾಶ ಬಹುಮಟ್ಟಿಗೆ ಇಲ್ಲ.

ಈ ವ್ಯವಸ್ಥೆಯಲ್ಲಿ ಹೆಚ್ಚು ನಲುಗುವವರು ದೊಡ್ಡ ಮೊತ್ತದ ಸಾಲಗಾರರೆಂಬ ಕಲ್ಪನೆಯೂ ಸರಿಯಲ್ಲ. ಲಕ್ಷ ಡಾಲರ್ ಸಾಲ ಮಾಡಿದ ವೈದ್ಯನೋ ವಕೀಲನೋ ಸಾಮಾನ್ಯವಾಗಿ ಅದನ್ನು ತೀರಿಸುತ್ತಾನೆ. ಕೆಲವೇ ಸಾವಿರ ಡಾಲರ್ ಸಾಲ ಮಾಡಿ, ಕುಟುಂಬದ ತಾಪತ್ರಯದಿಂದ ಓದನ್ನು ಅರ್ಧಕ್ಕೆ ಬಿಟ್ಟವನೇ ಸುಸ್ತಿದಾರರ ಪಟ್ಟಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾನೆ. ಅವನ ಕೈಗೆ ಪದವಿಯೂ ಬಂದಿರುವುದಿಲ್ಲ, ಸಾಲವೂ ತಪ್ಪಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿವಾದವನ್ನು ಅವನಿಗೆ ಹೇಳುವುದು ಸುಲಭ. ಹಾಸಿಗೆಯ ಅಳತೆಯನ್ನು ನಿರ್ಧರಿಸಿದವರು ಕಾಲೇಜು ಮತ್ತು ಸರ್ಕಾರವೆಂಬುದನ್ನು ಮರೆಯಲಾಗದು.

ಮನ್ನಾ ರಾಜಕಾರಣದ ಮಿತಿ

2022ರ ಆಗಸ್ಟ್‌ನಲ್ಲಿ ಅಂದಿನ ಅಧ್ಯಕ್ಷ ಬೈಡನ್ ಆದಾಯದ ಮಿತಿಗೊಳಪಟ್ಟು ತಲಾ 10,000 ಡಾಲರ್‌ವರೆಗೆ, ಪೆಲ್ ಅನುದಾನ ಪಡೆದವರಿಗೆ 20,000 ಡಾಲರ್‌ವರೆಗೆ ಸಾಲ ಮನ್ನಾ ಘೋಷಿಸಿದರು. ಇದರ ಅಂದಾಜು ವೆಚ್ಚ ಸುಮಾರು 40,000 ಕೋಟಿ ಡಾಲರ್. ಸಂಸತ್ತಿನ ಸ್ಪಷ್ಟ ಅನುಮತಿಯಿಲ್ಲದೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸುವ ಅಧಿಕಾರ ಆಡಳಿತಕ್ಕಿಲ್ಲವೆಂದು 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಆ ಯೋಜನೆಯನ್ನು ರದ್ದುಪಡಿಸಿತು.

ಮನ್ನಾವನ್ನು ವಿರೋಧಿಸಿದವರ ವಾದದಲ್ಲಿ ತೂಕವಿದೆ. ಅಮೆರಿಕದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವೀಧರರಲ್ಲ. ಕಾಲೇಜಿನ ಮೆಟ್ಟಿಲು ಹತ್ತದ ಲಾರಿ ಚಾಲಕನ ತೆರಿಗೆಯಿಂದ, ನಾಳೆ ಅವನಿಗಿಂತ ಹೆಚ್ಚು ಸಂಪಾದಿಸಲಿರುವವನ ಸಾಲ ತೀರಿಸುವುದು ನ್ಯಾಯವೇ? ಹೊಟ್ಟೆಬಟ್ಟೆ ಕಟ್ಟಿ ಸಾಲ ತೀರಿಸಿದವನಿಗೆ ಏನು ಉತ್ತರ? ಇದಕ್ಕಿಂತ ಮುಖ್ಯವಾದ ಮಾತೆಂದರೆ, ಮನ್ನಾದಿಂದ ಹಳೆಯ ಬಾಕಿ ಅಳಿಯುತ್ತದೆಯೇ ಹೊರತು ಸಾಲವನ್ನು ಹುಟ್ಟಿಸುವ ಯಂತ್ರ ನಿಲ್ಲುವುದಿಲ್ಲ. ಮರುವರ್ಷ ಕಾಲೇಜು ಸೇರುವವನು ಅದೇ ಷರತ್ತುಗಳಿಗೆ ಸಹಿ ಹಾಕುತ್ತಾನೆ.

ಆದರೆ ವಿದ್ಯಾರ್ಥಿಯ ಮತ್ತೊಂದು ದೂರಿಗೆ ಉಭಯ ಪಕ್ಷಗಳ ಬಳಿಯೂ ಉತ್ತರವಿಲ್ಲ. ಸಹಿ ಬಿದ್ದ ಮೇಲೂ ಮರುಪಾವತಿಯ ನಿಯಮಗಳು ಸರ್ಕಾರದೊಂದಿಗೆ ಬದಲಾಗುತ್ತಿವೆ. 2020ರ ಮಾರ್ಚ್‌ನಲ್ಲಿ ಸ್ಥಗಿತಗೊಂಡ ಕಂತುಗಳು 2023ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾದವು. ಆದಾಯಕ್ಕೆ ಅನುಗುಣವಾಗಿ ಕಂತು ಇಳಿಸುವ ‘ಸೇವ್’ ಎಂಬ ಯೋಜನೆ 2023ರಲ್ಲಿ ಬಂದು, 2024ರಲ್ಲಿ ನ್ಯಾಯಾಲಯದ ತಡೆಗೆ ಸಿಲುಕಿತು. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯಿದೆಯು ಮತ್ತೊಂದು ಮರುಪಾವತಿ ಯೋಜನೆಯನ್ನು ರೂಪಿಸಿ, ಪೂರ್ತಿ ತೀರದ ಸಾಲದ ಬಿಡುಗಡೆಗೆ 30 ವರ್ಷಗಳ ಅವಧಿಯನ್ನು ನಿಗದಿಪಡಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಈ ಸಾಲಗಳ ಹೊಣೆ ಹೊತ್ತಿದ್ದ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಕ್ರಮ ಕೈಗೊಳ್ಳುವಂತೆ ಆದೇಶ ಹೊರಟಿತ್ತು. ಒಪ್ಪಂದದ ಷರತ್ತು ಪದೇಪದೇ ಬದಲಾದರೆ ಯಾವ ವರ್ತಕನೂ ಮುಂದಿನ ವರ್ಷದ ಲೆಕ್ಕ ಹಾಕಲಾರ. ಮನೆ ಕೊಳ್ಳುವ, ಮದುವೆಯಾಗುವ, ಸ್ವಂತ ಉದ್ಯಮ ತೆರೆಯುವ ವಯಸ್ಸಿನಲ್ಲಿರುವ ಯುವಜನರಿಗೆ ಈ ಅನಿಶ್ಚಿತತೆ ಬಡ್ಡಿಗಿಂತಲೂ ದುಬಾರಿ.

ಮಾರುವವನಿಗೂ ಪಾಲಿರಲಿ

1987ರಲ್ಲಿ ಅಂದಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್, ಸರ್ಕಾರದ ನೆರವು ಹೆಚ್ಚಿದಂತೆಲ್ಲ ಕಾಲೇಜುಗಳು ನಿರ್ಭಯವಾಗಿ ಶುಲ್ಕ ಏರಿಸುತ್ತವೆ ಎಂದು ವಾದಿಸಿದ್ದರು. ಈ ವಾದ ಎಷ್ಟರಮಟ್ಟಿಗೆ ನಿಜವೆಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಒಂದು ಮಾತು ನಿರ್ವಿವಾದ. ಕಾಲೇಜಿಗೆ ಹಣ ಮುಂಗಡವಾಗಿ ಸಂದಾಯವಾಗುತ್ತದೆ. ವಿದ್ಯಾರ್ಥಿ ಮುಂದೆ ಸಾಲ ತೀರಿಸಲಾರದೆ ಹೋದರೆ ಆ ಹಣದಲ್ಲಿ ಒಂದು ಡಾಲರನ್ನೂ ಕಾಲೇಜು ಸಾಮಾನ್ಯವಾಗಿ ಹಿಂದಿರುಗಿಸಬೇಕಾಗಿಲ್ಲ. ಲಾಭಕ್ಕಾಗಿ ನಡೆಯುತ್ತಿದ್ದ ಕೊರಿಂಥಿಯನ್ ಕಾಲೇಜುಗಳ ಸಮೂಹ 2015ರಲ್ಲಿ ಬಾಗಿಲು ಮುಚ್ಚಿದಾಗ ಅತಂತ್ರರಾದವರು ಅಲ್ಲಿನ ವಿದ್ಯಾರ್ಥಿಗಳು. ಅವರ ಸಾಲವನ್ನು ಕೊನೆಗೆ ಮನ್ನಾ ಮಾಡಿದ್ದು ತೆರಿಗೆದಾರರ ಖಜಾನೆ.

2025ರ ಕಾಯಿದೆ ಈ ದಿಸೆಯಲ್ಲಿ ಅರ್ಧ ಹೆಜ್ಜೆ ಇಟ್ಟಿದೆ. ಸ್ನಾತಕೋತ್ತರ ಸಾಲಕ್ಕೆ ಒಟ್ಟು 1 ಲಕ್ಷ ಡಾಲರ್, ವೃತ್ತಿಪರ ಶಿಕ್ಷಣಕ್ಕೆ 2 ಲಕ್ಷ ಡಾಲರ್ ಮಿತಿಯನ್ನು ಅದು ವಿಧಿಸಿದೆ. ಪದವೀಧರರ ಸಂಪಾದನೆ ಕೇವಲ ಪ್ರೌಢಶಿಕ್ಷಣ ಮುಗಿಸಿದವರ ಸಂಪಾದನೆಗಿಂತ ಕೆಳಗಿಳಿದರೆ ಅಂತಹ ವ್ಯಾಸಂಗಕ್ಕೆ ಸಾಲದ ಅರ್ಹತೆ ತಪ್ಪುವ ನಿಯಮವನ್ನೂ ತಂದಿದೆ. ಆದರೆ ತೀರದ ಸಾಲದಲ್ಲಿ ಕಾಲೇಜುಗಳೂ ಪಾಲು ಹೊರಬೇಕೆಂದು ಪ್ರತಿನಿಧಿ ಸಭೆಯ ಕರಡಿನಲ್ಲಿದ್ದ ಅಂಶ ಅಂತಿಮ ರೂಪದಲ್ಲಿ ಉಳಿಯಲಿಲ್ಲ. ಮಿತಿಯಿಂದ ವಿದ್ಯಾರ್ಥಿಗೆ ಸಿಗುವ ಸಾಲ ಕಡಿಮೆಯಾಯಿತು. ಶುಲ್ಕ ಇಳಿಸುವ ಹೊಣೆ ಯಾರ ಮೇಲೂ ಬೀಳಲಿಲ್ಲ. ಕೊರತೆ ತುಂಬಲು ಅವನು ಹೆಚ್ಚಿನ ಬಡ್ಡಿಯ ಖಾಸಗಿ ಸಾಲದತ್ತ ತಿರುಗುವ ಅಪಾಯವಿದೆ.

ಆದ್ದರಿಂದ ಸುಧಾರಣೆಯ ದಾರಿ ಮೂರು ಅಂಶಗಳಲ್ಲಿದೆ. ತೀರದ ಸಾಲದ ಒಂದು ಭಾಗವನ್ನು ಕಾಲೇಜು ಭರಿಸಬೇಕು. ಪ್ರಾಮಾಣಿಕವಾಗಿ ಏಳು ವರ್ಷ ಪ್ರಯತ್ನಿಸಿದವನಿಗೆ, 1998ಕ್ಕೆ ಮುಂಚೆ ಇದ್ದಂತೆ, ದಿವಾಳಿ ಕಾನೂನಿನ ರಕ್ಷಣೆ ಮರಳಿ ದೊರೆಯಬೇಕು. ಸಹಿ ಹಾಕಿದ ದಿನದ ಷರತ್ತುಗಳು ಸಾಲ ತೀರುವವರೆಗೆ ಸಾಲಗಾರನಿಗೆ ಪ್ರತಿಕೂಲವಾಗಿ ಬದಲಾಗಬಾರದು. ನಷ್ಟದ ಭಯಕ್ಕೆ ಕಾಲೇಜುಗಳು ಬಡ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಹಿಂಜರಿಯಬಹುದೆಂಬ ಆತಂಕ ಸಹಜ. ಅದಕ್ಕಾಗಿ ಅಂತಹ ವಿದ್ಯಾರ್ಥಿಗಳನ್ನು ಪದವಿ ಮುಗಿಸುವವರೆಗೆ ಕೈಹಿಡಿದು ನಡೆಸುವ ಕಾಲೇಜುಗಳಿಗೆ ಪ್ರೋತ್ಸಾಹಧನವೂ ಜೊತೆಗಿರಬೇಕು.

ಉದ್ಯಮಗಳ ಹೊಣೆ

ಈ ವ್ಯವಹಾರದಲ್ಲಿ ಹೆಸರಿಸದೆ ಉಳಿದ ನಾಲ್ಕನೆಯವನೊಬ್ಬನಿದ್ದಾನೆ. ಅವನು ಉದ್ಯೋಗದಾತ. ಪದವಿಯ ಅಗತ್ಯವಿಲ್ಲದ ಹುದ್ದೆಗೂ ಪದವಿ ಕೇಳುವ ಪ್ರತಿಯೊಂದು ಜಾಹೀರಾತು ಯುವಕನನ್ನು ಸಾಲದ ಅರ್ಜಿಯತ್ತ ತಳ್ಳುತ್ತದೆ. ಮೇರಿಲ್ಯಾಂಡ್ ರಾಜ್ಯ 2022ರಲ್ಲಿ, ಪೆನ್ಸಿಲ್ವೇನಿಯಾ 2023ರಲ್ಲಿ ತಮ್ಮ ಅನೇಕ ಸರ್ಕಾರಿ ಹುದ್ದೆಗಳಿಗೆ ಪದವಿಯ ಷರತ್ತನ್ನು ಕೈಬಿಟ್ಟವು. ಗ್ಯಾಲಪ್ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಮೇಲೆ ಹೆಚ್ಚಿನ ವಿಶ್ವಾಸವಿದೆ ಎಂದವರ ಪ್ರಮಾಣ 2015ರ ಶೇ. 57ರಿಂದ 2023ರಲ್ಲಿ ಶೇ. 36ಕ್ಕೆ ಕುಸಿದಿತ್ತು. ವಿದ್ಯೆಯ ಮೇಲಿನ ನಂಬಿಕೆ ಕುಂದಿದರೆ ನಾಳೆ ಕುಶಲ ಕೆಲಸಗಾರರ ಕೊರತೆ ಎದುರಿಸಬೇಕಾದವರು ಉದ್ಯಮಿಗಳೇ.

ಕರ್ನಾಟಕದ ಅನೇಕ ಮನೆಗಳಿಗೂ ಈ ಚರ್ಚೆ ದೂರದ್ದಲ್ಲ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ. ಅಲ್ಲಿನ ಕೇಂದ್ರ ಸರ್ಕಾರದ ಸಾಲ ಇವರಿಗೆ ಸಿಗುವುದಿಲ್ಲ. ಹಲವರು ಇಲ್ಲಿಯ ಬ್ಯಾಂಕಿನಲ್ಲಿ ಮನೆಯನ್ನೋ ನಿವೇಶನವನ್ನೋ ಅಡಮಾನವಿಟ್ಟು ಹೊರಟವರು. ಅಲ್ಲಿ ಉದ್ಯೋಗ ದೊರೆತು ಡಾಲರ್ ಸಂಪಾದನೆಯಾದೀತೆಂಬ ನಿರೀಕ್ಷೆಯ ಮೇಲೆ ಈ ಸಾಲ ನಿಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಆ ನಿರೀಕ್ಷೆ ಅಲುಗಾಡಿತು. ಅಮೆರಿಕದಲ್ಲಿದ್ದುಕೊಂಡೇ ವೀಸಾ ಬದಲಾಯಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದೆಂಬ ಸ್ಪಷ್ಟೀಕರಣ ಬಂದದ್ದು ಮರುತಿಂಗಳು. ಇಲ್ಲಿಯೂ ಸಹಿ ಬಿದ್ದ ಮೇಲೆ ನಿಯಮ ಬದಲಾಯಿತು; ನಷ್ಟದ ಭಯ ಸಾಲಗಾರನಿಗೇ ಉಳಿಯಿತು.

ಆದ್ದರಿಂದ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಪಾಲಕರು, ಅವರಿಗೆ ಸಾಲ ಕೊಡುವ ಬ್ಯಾಂಕುಗಳು, ಪದವಿ ನೋಡಿ ನೇಮಕ ಮಾಡಿಕೊಳ್ಳುವ ಉದ್ಯಮಗಳು ಅಮೆರಿಕದ ವಿದ್ಯಾರ್ಥಿಯ ಪ್ರಶ್ನೆಯನ್ನು ತಮಗೂ ಹಾಕಿಕೊಳ್ಳಬೇಕಾಗಿದೆ: ಈ ಓದು ಫಲಿಸದೆ ಹೋದರೆ ನಷ್ಟ ಯಾರದು? ಉತ್ತರದಲ್ಲಿ ವಿದ್ಯಾರ್ಥಿಯ ಹೆಸರೊಂದೇ ಇದ್ದರೆ ಆ ಒಪ್ಪಂದವನ್ನು ತಿದ್ದಬೇಕಾದ್ದು ಸಹಿಗೆ ಮೊದಲು.