ರಿಮ್ ದೊಡ್ಡದಾದರೆ ಕಾರು ದೊಡ್ಡದಾಗಲ್ಲ

"ಟೈರ್ ಸಿಡಿದು ಕಾರು ಪಲ್ಟಿ." ಬೇಸಿಗೆ ಬಂತೆಂದರೆ ನಮ್ಮ ಕಡೆ ಈ ತಲೆಬರಹಕ್ಕೆ ಬರವಿಲ್ಲ. ಓದಿದವರು "ಅಯ್ಯೋ ಪಾಪ, ಟೈಮ್ ಸರಿ ಇರಲಿಲ್ಲ" ಅಂದು ಮುಂದಿನ ಸುದ್ದಿಗೆ ಹೋಗುತ್ತಾರೆ. ಆ ಟೈರಿನ ಸೈಜ್ ಎಷ್ಟಿತ್ತು, ತಯಾರಾಗಿ ಎಷ್ಟು ವರ್ಷವಾಗಿತ್ತು, ಗಾಳಿ ಎಷ್ಟಿತ್ತು, ರಿಮ್ ಕಂಪನಿಯದೋ ಹೊರಗಿನದೋ ಅನ್ನುವುದು ಸುದ್ದಿಯಲ್ಲಿ ಬರುವುದು ಬಹಳ ಅಪರೂಪ.

ಟೈಮ್ ಅಲ್ಲ ಸ್ವಾಮಿ, ಟೈರ್. ಅದರ ಲೆಕ್ಕವನ್ನು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಹಾಕಬಹುದು. ಆ ಲೆಕ್ಕ ಹಾಕದೆ ದೊಡ್ಡ ರಿಮ್ ಮಾರುವವರ ಮೇಲೂ, ಹಾಕಿಸದೆ ಕೊಳ್ಳುವವರ ಮೇಲೂ ನಮ್ಮ ತಕರಾರಿದೆ.

ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನಲ್ಲಿ ಈಗ ಡಿಕ್ಕಿ ಇರುವ ಜೋರು ಕಾರುಗಳ ಹುಚ್ಚು. ಶೇಂಗಾ ಮಂಡಿಯವರ ಮಕ್ಕಳು, ರೇಷ್ಮೆ ಸೀರೆ ವ್ಯಾಪಾರದವರು, ಬೆಂಗಳೂರಲ್ಲಿ ಕೆಲಸ ಮಾಡಿ ಹಬ್ಬಕ್ಕೆ ಬರುವವರು ವೆಂಟೊ, ವರ್ನಾ, ಸಿಟಿ, ಸ್ಲೇವಿಯಾ, ವರ್ಟಸ್ ತರುತ್ತಾರೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ತಪ್ಪೇನಿಲ್ಲ, ದುಡಿದವರು ಆಸೆಪಡಬಾರದೇ? ಆದರೆ ಕಾರು ಬಂದ ತಿಂಗಳೊಳಗೆ ಮೊದಲು ಬದಲಾಗುವುದು ಗಾಲಿ. 15 ಇಂಚಿನದ್ದು ತೆಗೆದು 17, 16ರದ್ದು ತೆಗೆದು 18. ರೀಲ್ಸ್‌ನಲ್ಲಿ ಯಾರೋ ಹಾಕಿಸಿದ್ದು ನೋಡಿರುತ್ತಾರೆ. ಅಂಗಡಿಯವನನ್ನು ಕೇಳಿದರೆ ಒಂದೇ ಉತ್ತರ: "ಕೂರುತ್ತೆ ಬಿಡಣ್ಣ, ಏನೂ ಆಗಲ್ಲ."

ಕೂರುವುದು ಬೇರೆ, ಓಡುವುದು ಬೇರೆ. ಹಿಂದೆ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರ ಮೊದಲು ಗಾಲಿಯ ಸುತ್ತಳತೆ ತೆಗೆಯುತ್ತಿದ್ದ. ಪಟ್ಟಿ ಒಂಚೂರು ಚಿಕ್ಕದಿರಬೇಕು, ಕಾಯಿಸಿದಾಗ ಹಿಗ್ಗಿ ಕೂರಬೇಕು, ನೀರು ಸುರಿದಾಗ ಕುಗ್ಗಿ ಬಿಗಿಯಬೇಕು. ಗಂಟೆಗೆ ನಾಲ್ಕೈದು ಕಿ.ಮೀ. ಹೋಗುವ ಗಾಡಿಗೆ ಅಷ್ಟು ಅಳತೆ. ನೂರರಲ್ಲಿ ಓಡುವ ಕಾರಿಗೆ "ಏನೂ ಆಗಲ್ಲ" ಅನ್ನುವ ಒಂದು ಮಾತು!

ಟೈರಿನ ಬದಿಯಲ್ಲಿ ಬರೆದಿರುವುದನ್ನು ಓದಿ. ಉದಾಹರಣೆಗೆ 205/55 ಆರ್16 91ವಿ. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಆ ಅಗಲದ ಶೇ. 55ರಷ್ಟು ಎತ್ತರದ ಪಕ್ಕಗೋಡೆ, ಅಂದರೆ ರಿಮ್ಮಿನ ಅಂಚಿನಿಂದ ನೆಲ ಮುಟ್ಟುವ ತನಕ ಇರುವ ರಬ್ಬರು. 16 ಅಂದರೆ ರಿಮ್ಮಿನ ಇಂಚು. 91 ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಸಂಕೇತ, 615 ಕೆಜಿ. ವಿ ಅಂದರೆ 240 ಕಿ.ಮೀ. ವೇಗದವರೆಗೆ ತಾಳುತ್ತದೆ ಎಂದು. ಎಚ್ ಇದ್ದರೆ 210, ಟಿ ಇದ್ದರೆ 190.

ಈಗ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. 205ರ ಶೇ. 55 ಅಂದರೆ 112.75. ಮೇಲೊಂದು ಕೆಳಗೊಂದು, ಎರಡು ಸೇರಿ 225.5. 16 ಇಂಚನ್ನು 25.4ರಿಂದ ಗುಣಿಸಿದರೆ 406.4. ಒಟ್ಟು ಗಾಲಿಯ ಎತ್ತರ 631.9 ಮಿ.ಮೀ. ನೀವು ಹಾಕಿಸಬೇಕೆಂದಿರುವ ಟೈರಿಗೂ ಇದೇ ಲೆಕ್ಕ ಮಾಡಿ. ಎರಡರ ನಡುವಿನ ವ್ಯತ್ಯಾಸ ಶೇ. 2 ದಾಟಿದರೆ ಅಂಗಡಿಯಿಂದ ಎದ್ದು ಬನ್ನಿ.

ಅದರಾಚೆ ಹೋದರೆ ಏನಾಗುತ್ತದೆ? ಐದನೇ ತಲೆಮಾರಿನ ಹೋಂಡಾ ಸಿಟಿಯ ಕೆಳಗಿನ ಮಾಡೆಲ್ಲಿಗೆ ಬರುವ 185/60 ಆರ್15ರ ಎತ್ತರ 603. ಅದಕ್ಕೆ "ಸ್ವಲ್ಪ ಎತ್ತರ ಆಗಲಿ" ಅಂತ 205/55 ಆರ್16 ಹಾಕಿಸಿದರೆ ಹೆಚ್ಚುಕಮ್ಮಿ ಶೇ. 5 ಏರಿತು. ಮೀಟರು 100 ತೋರಿಸುವಾಗ ನೀವು ಮೊದಲಿಗಿಂತ 5 ಕಿ.ಮೀ. ಜೋರಾಗಿರುತ್ತೀರಿ, ಗೊತ್ತೇ ಆಗುವುದಿಲ್ಲ. ಕಾರು ಎತ್ತರವಾಗುವುದು ಮಾತ್ರ 14 ಮಿ.ಮೀ., ಯಾಕೆಂದರೆ ಏರಿದ್ದರಲ್ಲಿ ಅರ್ಧವಷ್ಟೇ ನೆಲಕ್ಕೂ ಕಾರಿಗೂ ನಡುವೆ ಸಿಗುವುದು. ಐದು ಜನ ಕೂತು ಡಿಕ್ಕಿ ತುಂಬಿದಾಗ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಅಂಗಡಿಯಲ್ಲಿ ಖಾಲಿ ಕಾರು ನಿಲ್ಲಿಸಿ ನೋಡಿದಾಗ ಅದು ಕಾಣುವುದಿಲ್ಲ.

ಇನ್ನೊಂದು ಗುಂಪಿದೆ, ಇವರು ಲೆಕ್ಕ ಬಲ್ಲವರು. 205/55 ಆರ್16 ತೆಗೆದು 225/40 ಆರ್18 ಹಾಕಿಸುತ್ತಾರೆ. ಎತ್ತರ 637.2, ಶೇ. 1ರೊಳಗೆ ಬಂತು, ಮೀಟರೂ ಸರಿ. ಆದರೆ ಪಕ್ಕಗೋಡೆ 112.75ರಿಂದ 90ಕ್ಕೆ ಇಳಿಯಿತು. ಸುಮಾರು ಒಂದು ಹೆಬ್ಬೆರಳಿನ ಅಗಲದ ರಬ್ಬರು ಹೋಯಿತು. ಆ ರಬ್ಬರು ಅಂದಕ್ಕಿರುವುದಲ್ಲ. ಗುಂಡಿಗೆ ಬಿದ್ದಾಗ ಮೊದಲು ಬಗ್ಗಿ ಏಟು ತಿನ್ನುವುದು ಅದೇ. ಅದು ಸಾಲದಾದಾಗ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಜಜ್ಜಿ ಒಳಗಿನ ದಾರ ಹರಿಯುತ್ತದೆ, ಪಕ್ಕದಲ್ಲಿ ಬೋರೆಹಣ್ಣಿನಂತೆ ಒಂದು ಉಬ್ಬು ಏಳುತ್ತದೆ. ಉಬ್ಬು ಎದ್ದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ.

ಭಾರದ ಸಂಕೇತವನ್ನೂ ನೋಡಿ. ಸಾಮಾನ್ಯ 225/40 ಆರ್18ಕ್ಕೆ ಬರುವುದು 88, ಅಂದರೆ 560 ಕೆಜಿ. ಒಂದೊಂದು ಟೈರಿಗೂ 55 ಕೆಜಿ ಖೋತಾ. ಅದೇ ಅಳತೆಯಲ್ಲಿ ಹೆಚ್ಚು ಭಾರ ಹೊರುವ 92ರದ್ದೂ ಇದೆ, 630 ಕೆಜಿ; ಆದರೆ ಅಂಗಡಿಯಲ್ಲಿ ಅದನ್ನು ನೀವಾಗಿಯೇ ಕೇಳಬೇಕು. "ನಾಲ್ಕೂ ಸೇರಿ 2 ಟನ್ ಮೇಲಿದೆಯಲ್ಲ, ಸಾಕಲ್ಲ" ಅನ್ನುತ್ತೀರಿ. ನಿಂತ ಕಾರಿಗೆ ಸಾಕು. ಗುರುತು ಬಳಿಯದ ಹಂಪ್ ಹಾರಿ ಮುಂದಿನ ಎರಡು ಗಾಲಿಯ ಮೇಲೆ ಇಳಿಯುವ ಕಾರಿಗೆ ಲೆಕ್ಕ ಬೇರೆ.

ನಮ್ಮ ರಸ್ತೆ ಎಂಥವು ಅಂತ ನಾವು ಹೇಳಬೇಕೇ? ಹಿರಿಯೂರಿನಿಂದ ಚಳ್ಳಕೆರೆ ದಾಟಿ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯ ಮೇಲೆ 18 ಇಂಚು ನಡೆದೀತು. ಆದರೆ ಯಾರ ಮನೆಯೂ ಹೆದ್ದಾರಿಯ ಮೇಲಿಲ್ಲ. ತಳಕಿನ ಒಳಗೆ ತಿರುಗಿ, ನಾಯಕನಹಟ್ಟಿಯ ಹಳ್ಳಿಗಳ ಕಡೆ ಹೋಗಿ, ಮೊಳಕಾಲ್ಮುರಿನಿಂದ ಕೋನಸಾಗರದ ಕಡೆಯೋ ರಾಯದುರ್ಗದ ಕಡೆಯೋ ಹೋಗಿ ನೋಡಿ. ಡಾಂಬರಿನ ಅಂಚು ಚೂರಿಯಂತೆ ಮುರಿದಿರುವ ಜಾಗಗಳು ಎಷ್ಟು, ಕಣದ ಕೆಲಸ ರಸ್ತೆಗೇ ಬಂದು ತೆನೆಯ ಕೆಳಗೆ ಕಲ್ಲು ಮುಚ್ಚಿರುವ ಜಾಗಗಳು ಎಷ್ಟು ಅಂತ ಎಣಿಸಿ. ಎದುರಿಗೆ ಬಸ್ಸು ಬಂದರೆ ಕೆಳಗಿಳಿಯಲೇಬೇಕು, ಇಳಿದರೆ ಬಳ್ಳಾರಿ ಜಾಲಿಯ ಮುಳ್ಳು. ಟೈರಿನ ತಳಕ್ಕೆ ಮುಳ್ಳು ಹೊಕ್ಕರೆ ಪಂಕ್ಚರ್ ಹಾಕಬಹುದು. ಪಕ್ಕಗೋಡೆಗೆ ಹೊಕ್ಕರೆ ಟೈರೇ ಹೋಯಿತು.

ಕಂಪನಿಯವರು ಏನು ಮಾಡಿದ್ದಾರೆ ನೋಡಿ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಗೆ 1.5 ಲೀಟರ್ ಟರ್ಬೊ ಇಂಜಿನ್, 150 ಪಿಎಸ್ ಶಕ್ತಿ. ಸ್ಕೋಡಾ ಸ್ಲೇವಿಯಾಕ್ಕೂ ಅದೇ ಇಂಜಿನ್ ಸಿಗುತ್ತದೆ. ಈ ಕಾರುಗಳಿಗೆ ನಮ್ಮ ದೇಶದಲ್ಲಿ ಕಂಪನಿ ಕೊಟ್ಟಿರುವುದು ಅದೇ 205/55 ಆರ್16. ದೊಡ್ಡ ರಿಮ್ ಮಾಡಲು ಬಾರದ ಕಂಪನಿಗಳಲ್ಲ ಇವು. 150 ಪಿಎಸ್‌ಗೆ 16 ಸಾಕು ಅಂದಮೇಲೆ ಅದರಷ್ಟು ಶಕ್ತಿಯೇ ಇಲ್ಲದ ಹಳೆಯ ಡೀಸೆಲ್ ವೆಂಟೊಗೆ 17 ಯಾಕೆ ಬೇಕು? ದೊಡ್ಡ ರಿಮ್ ಸಾಮಾನ್ಯವಾಗಿ ಭಾರವೂ ಹೌದು. ಗಾಲಿ ಭಾರವಾದಷ್ಟೂ ಎಳೆಯಲು ಇಂಜಿನ್ನಿಗೆ, ನಿಲ್ಲಿಸಲು ಬ್ರೇಕಿಗೆ, ಕುಣಿತ ತಡೆಯಲು ಸಸ್ಪೆನ್ಷನ್ನಿಗೆ ಕೆಲಸ ಹೆಚ್ಚು. ಸ್ಪೋರ್ಟ್ ಆಗಲಿ ಅಂತ ಹಾಕಿಸಿದ್ದು ಕಾರನ್ನು ಮಂದ ಮಾಡುತ್ತದೆ.

"ಹಾಗಾದರೆ ಬದಲಿಸಲೇಬಾರದೇನ್ರೀ?" ಅಂತ ಕೇಳುವವರಿಗೆ: ಬದಲಿಸಬಹುದು. "ಕಂಪನಿಯದನ್ನು ಮುಟ್ಟಲೇಬೇಡ" ಅನ್ನುವ ಹಿರಿಯರ ಮಾತನ್ನೂ ನಾವು ಪೂರ್ತಿ ಒಪ್ಪುವುದಿಲ್ಲ. ನಿಮ್ಮದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿ ಯಾವ ಸೈಜ್ ಕೊಟ್ಟಿದೆಯೋ ಅದು ನಿಮಗೆ ಸುರಕ್ಷಿತ ದಾರಿ. ಡಿಜೈರ್ ಕೆಳಗಿನ ಮಾಡೆಲ್ಲಿಗೆ 165/80 ಆರ್14, ಎತ್ತರ 619.6. ಮೇಲಿನದಕ್ಕೆ 185/65 ಆರ್15, ಎತ್ತರ 621.5. ಎರಡು ಮಿ.ಮೀ. ವ್ಯತ್ಯಾಸ. ಸಿಟಿಯ ಮೇಲಿನ ಮಾಡೆಲ್ಲಿಗೆ 185/55 ಆರ್16, ಎತ್ತರ 609.9, ಏರಿಕೆ ಸುಮಾರು ಶೇ. 1. ಬಾಗಿಲಿನ ಚೌಕಟ್ಟಿನ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುವ ಚೀಟಿಯಲ್ಲಿ ಸೈಜೂ ಗಾಳಿಯೂ ಬರೆದಿರುತ್ತದೆ. ಫೋಟೊ ಹೊಡೆದು ಇಟ್ಟುಕೊಂಡೇ ಅಂಗಡಿಗೆ ಹೋಗಿ.

ಇಂಚಿನ ಮಾತು ಮುಗಿದರೂ ರಿಮ್ಮಿನ ಮಾತು ಮುಗಿಯಲಿಲ್ಲ. ಡಿಜೈರ್, ಸಿಟಿ, ವರ್ನಾಗಳ ಗಾಲಿಗೆ ನಾಲ್ಕು ತೂತು, 100 ಮಿ.ಮೀ. ವೃತ್ತದಲ್ಲಿ. ವರ್ಟಸ್, ಸ್ಲೇವಿಯಾಗಳಿಗೆ ಐದು ತೂತು. ತೂತು ಕೂಡಿಬಂದರೆ ಸಾಕು ಅಂದುಕೊಳ್ಳುತ್ತಾರೆ. ನಡುವಿನ ದೊಡ್ಡ ತೂತನ್ನು ಯಾರೂ ಅಳೆಯುವುದಿಲ್ಲ. ವರ್ಟಸ್‌ನಲ್ಲಿ ಅದು 57.1 ಮಿ.ಮೀ., ಹೊರಗಿನ ರಿಮ್‌ಗಳಲ್ಲಿ ಬಹಳಷ್ಟು 73.1ರವು. ನಡುವಿನ ಸಂದಿಗೆ ಬಳೆಯಂಥ ರಿಂಗ್ ಹಾಕಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆಮೇಲೆ "ಅಲೈನ್‌ಮೆಂಟ್ ಮಾಡಿಸಿ, ಬ್ಯಾಲೆನ್ಸಿಂಗ್ ಮಾಡಿಸಿ" ಅಂತ ದುಡ್ಡು ಸುರಿಸುತ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾದವರಿಗೆ ಇನ್ನೊಂದು ಮಾತು: ನಿಮ್ಮ ಕಂಪನಿ ಬೋಲ್ಟಿನ ಕುತ್ತಿಗೆ ಉರುಟು, ಹೊರಗಿನ ರಿಮ್ಮಿನದು ಸಾಮಾನ್ಯವಾಗಿ ಆಲಿಕೆಯಂತೆ ಇಳಿಜಾರು. ಹಳೇ ಬೋಲ್ಟನ್ನೇ ಹೊಸ ರಿಮ್ಮಿಗೆ ಬಿಗಿದರೆ ಅದು ಸರಿಯಾಗಿ ಕೂರುವುದಿಲ್ಲ, ಓಡುತ್ತ ಓಡುತ್ತ ಸಡಿಲವಾಗುತ್ತದೆ.

ಗಾಲಿ ಹೊರಗೆ ಚಾಚಲಿ ಅಂತ ಸ್ಪೇಸರ್ ಹಾಕಿಸುವವರ ಬಗ್ಗೆ ನಮಗೆ ನಿಜಕ್ಕೂ ಸಿಟ್ಟಿದೆ. ಬೇರಿಂಗ್ ನಿಮ್ಮದು, ಹಾಳು ಮಾಡಿಕೊಳ್ಳಿ. ಆದರೆ ಮಡ್‌ಗಾರ್ಡಿನಾಚೆ ಚಾಚಿದ ಟೈರು ಎಸೆಯುವ ಕಲ್ಲು ಬೀಳುವುದು ಹಿಂದೆ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನ ಮುಖಕ್ಕೆ. ಅವನಿಗೆ ನಿಮ್ಮ ಸ್ಟೈಲಿನಿಂದ ಏನು ಸಿಕ್ಕಿತು?

ಕಾನೂನೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ಹೆಲ್ಮೆಟ್ಟಿಗೆ ಅಡ್ಡ ಹಾಕುವಷ್ಟು ಶ್ರದ್ಧೆಯಿಂದ ಟೈರನ್ನು ಬಗ್ಗಿ ನೋಡುವ ಅಧಿಕಾರಿ ನಮ್ಮ ಕಡೆ ಕಾಣುವುದಿಲ್ಲ, ಅದಕ್ಕೇ ಈ ಧೈರ್ಯ. ವಿಮೆಯವರು ಮಾತ್ರ ಬಗ್ಗಿ ನೋಡುತ್ತಾರೆ, ಅದೂ ಕ್ಲೇಮ್ ಹಾಕಿದ ದಿನ.

ದುಡ್ಡಿನ ಮಾತು. ನಾಲ್ಕು 17 ಇಂಚಿನ ಅಲಾಯ್, ಅದಕ್ಕೆ ನಾಲ್ಕು ಹೊಸ ಟೈರು ಅಂದರೆ ಅರ್ಧ ಲಕ್ಷ ದಾಟುತ್ತದೆ. ಶೇಂಗಾ ಕೈಕೊಟ್ಟ ವರ್ಷವೂ ಸಾಲ ಮಾಡಿ ಹಾಕಿಸುವವರಿದ್ದಾರೆ. ದುಡ್ಡೆಲ್ಲ ರಿಮ್ಮಿಗೆ ಹೋಗಿ ಟೈರಿಗೆ ಬರುವ ಹೊತ್ತಿಗೆ ಕೈ ಖಾಲಿ, ಆಗ ಯಾವುದೋ ಹಳೆಯ ದಾಸ್ತಾನು ಅಗ್ಗಕ್ಕೆ ಸಿಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐಎಸ್‌ಐ ಗುರುತೂ ಇರಬೇಕು. ಎರಡೂ ಕಾಣದಿದ್ದರೆ ಬೆಲೆ ಕೇಳಲೂ ಬೇಡಿ. ಸಿಟ್ಟಾಗಬೇಡಿ, ನಮ್ಮ ಸಲಹೆ ತೀರಾ ಸಪ್ಪೆ: ಕಂಪನಿ ರಿಮ್ ಇಟ್ಟುಕೊಂಡು ಅದೇ ಸೈಜಿನ ಒಳ್ಳೆಯ ಟೈರು ಹಾಕಿಸಿ. ರಸ್ತೆ ಹಿಡಿಯುವುದು ರಬ್ಬರು, ರಿಮ್ ಅಲ್ಲ.

ಗಾಳಿಯದ್ದೊಂದು ಹೇಳಿಬಿಡುತ್ತೇವೆ, ಯಾಕೆಂದರೆ ಬೇಸಿಗೆಯಲ್ಲಿ ಎಲ್ಲ ಸೈಜಿನವರೂ ಮಾಡುವ ತಪ್ಪಿದು. "ಬಿಸಿಲಿಗೆ ಟೈರ್ ಸಿಡಿಯುತ್ತೆ, ಗಾಳಿ ಕಮ್ಮಿ ಇಡು" ಅನ್ನುತ್ತಾರೆ. ತಿರುಗಮುರುಗ. ಗಾಳಿ ಕಮ್ಮಿಯಾದರೆ ಪಕ್ಕಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಗ್ಗುತ್ತದೆ, ಬಗ್ಗಿದಷ್ಟೂ ಕಾಯುತ್ತದೆ, ಕಾದು ಕಾದು ಬಿಚ್ಚಿಕೊಳ್ಳುತ್ತದೆ. ಬಿಸಿ 10 ಡಿಗ್ರಿ ಏರಿದರೆ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಏರುವುದು ಸಹಜ, ಕಂಪನಿ ಅದನ್ನು ಲೆಕ್ಕ ಹಿಡಿದೇ ಚೀಟಿ ಅಂಟಿಸಿದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಚೀಟಿಯಲ್ಲಿರುವಷ್ಟು ತುಂಬಿಸಿ. ನೈಟ್ರೋಜನ್ ಅಂತ ದುಡ್ಡು ಕೀಳುವವರಿಗೆ, ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ ಅಂತ ಹೇಳಿ ಬನ್ನಿ.

ಈಗಾಗಲೇ ದೊಡ್ಡ ರಿಮ್ ಹಾಕಿಸಿದವರು ಇವತ್ತು ಒಮ್ಮೆ ಡಿಕ್ಕಿ ತೆಗೆಯಿರಿ. ಕೆಳಗಿರುವ ಸ್ಟೆಪ್ನಿ ಹಳೇ ಸೈಜಿನದೇ ಇರುತ್ತದೆ. ಅದಕ್ಕೆ ಗಾಳಿ ಇದೆಯಾ, ಅದನ್ನು ಬಿಗಿಯುವ ಹಳೇ ಬೋಲ್ಟ್ ಕಾರಿನಲ್ಲೇ ಇದೆಯಾ ಅಥವಾ ಅಂಗಡಿಯಲ್ಲೇ ಉಳಿಯಿತಾ ನೋಡಿ. ನಾಯಕನಹಟ್ಟಿ ಜಾತ್ರೆ ಮುಗಿಸಿ ರಾತ್ರಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬರುವಾಗ ಜಾಲಿ ಮುಳ್ಳು ಸೈಜ್ ಕೇಳಿ ಚುಚ್ಚುವುದಿಲ್ಲ.